ಎರಡರ ಮೇಲೆ ಎಣಿಸಲು ಬಾರದ ಕಾರ್ಡು

ಉಗಾಂಡದ ನ್ಯೆಂಡೊ ಪೇಟೆಯಲ್ಲಿ ಸೆಬುಲಿಬನಷ್ಟು ದೊಡ್ಡ ಗಂಟಲು ಇನ್ನೊಂದಿರಲಿಲ್ಲ. ಅವನು ಒಮ್ಮೆ ಕೆಮ್ಮಿದ್ದಕ್ಕೆ, ಬಸ್ಸು ಹೊರಟಿತೆಂದು ಹದಿನಾಲ್ಕು ಜನ ಸ್ಟ್ಯಾಂಡಿಗೆ ಓಡಿದ್ದರಂತೆ. ಹದಿಮೂರೇ ಇರಬಹುದು, ಬಿಡಿ.

ಅವನ ಕಸುಬು ವೀಜೆ. ಅಂದರೆ ಪರದೇಶದ ಸಿನಿಮಾ ಓಡುತ್ತಿರುವಾಗ ಪಕ್ಕದಲ್ಲಿ ಮೈಕು ಹಿಡಿದು ಕೂತು, ಅಲ್ಲಿನವರ ಮಾತನ್ನೆಲ್ಲ ಊರಿನ ಲುಗಾಂಡ ಭಾಷೆಯಲ್ಲಿ ಹೇಳುವುದು. ಅರ್ಥವಾದದ್ದನ್ನು ಹೇಳುತ್ತಿದ್ದ, ಅರ್ಥವಾಗದ್ದನ್ನು ಇನ್ನೂ ಚೆನ್ನಾಗಿ ಹೇಳುತ್ತಿದ್ದ. ಅವನ ಬಾಯಲ್ಲಿ ಚೀನಾದ ಕುಂಗ್‌ಫು ಗುರು ಊರವರಂತೆ ಮಾಟೋಕೆ ಬಾಳೆಕಾಯಿ ಬೇಯಿಸುತ್ತಿದ್ದ. ಅಮೆರಿಕದ ದಂಡನಾಯಕ ಅತ್ತೆಗೆ ಹೆದರಿ ಯುದ್ಧಕ್ಕೆ ಹೋಗುತ್ತಿದ್ದ.

ಮನೆಗೆ ಅಂಟಿಕೊಂಡ ತಗಡಿನ ಸಿನಿಮಾ ಹಾಲ್‌ನಲ್ಲಿ ಪ್ರತಿ ಭಾನುವಾರ ನಾಲ್ಕಕ್ಕೆ ಶೋ. ಬಾಗಿಲಲ್ಲಿ ಹೆಂಡತಿ ಮಂದಾಜಿ ಎಂಬ ಸಿಹಿ ಬೋಂಡ ಕರಿಯುತ್ತಿದ್ದಳು. ಅವಳಿ ಮಕ್ಕಳಾದ ಮೇಲೆ ಊರು ಅವಳನ್ನು ನಾಲೊಂಗೊ ಎಂದೂ ಅವನನ್ನು ಸಾಲೊಂಗೊ ಎಂದೂ ಕರೆಯತೊಡಗಿ, ಅವಳ ಮೊದಲ ಹೆಸರು ಗಂಡನಿಗೂ ಮರೆತುಹೋಗಿತ್ತು.

ಇಪ್ಪತ್ತು ವರ್ಷದ ಒಂಬೈನೂರು ಸಿನಿಮಾ ಇದ್ದದ್ದು ಬೀರುವಿನ ಮೇಲಿನ ಒಂದು ಹಳೇ ಪೆಟ್ಟಿಗೆಯಲ್ಲಿ. ಒಳಗೆ ನಾಲ್ಕು ಹಾರ್ಡ್ ಡಿಸ್ಕು, ನಾಲ್ಕಕ್ಕೂ ನೊಗ ಹೂಡಿದಂತೆ ಒಂದು ರೇಡ್ ಕಾರ್ಡು. ಒಂದು ಎತ್ತು ಮಲಗಿದರೆ ಉಳಿದ ಮೂರು ಗಾಡಿ ಎಳೆಯಬೇಕು, ಅದು ಲೆಕ್ಕ. ಈಗ ಪೆಟ್ಟಿಗೆ ಕಂಠಮಟ್ಟ ತುಂಬಿತ್ತು.

ಆ ಭಾನುವಾರ ಬೆಳಿಗ್ಗೆ ಸೆಬುಲಿಬ ಹೊಸ ಡಿಸ್ಕುಗಳನ್ನು ಮೇಜಿನ ಮೇಲೆ ಸಾಲಾಗಿ ಮಲಗಿಸಿ ಸಾರಿದ: "ಒಂದೊಂದೂ ಎಂಟು ಟೆರಾಬೈಟು. ಇನ್ಮೇಲೆ ಭೂಮಿ ಮೇಲೆ ಯಾರು ಸಿನಿಮಾ ತೆಗೆದ್ರೂ ನಮ್ಮನೇಲಿ ಜಾಗ ಇದೆ."

"ಇವತ್ತು ನಾಲ್ಕಕ್ಕೆ ಶೋ ಇದೆ. ನಾಳೆ ಮಾಡಿ," ಎಂದಳು ನಾಲೊಂಗೊ.

"ಕಾಲು ಗಂಟೆ ಕೆಲಸ ಕಣೆ."

"ನೀವು ಕಾಲು ಗಂಟೆ ಅಂದಿದ್ದ ಕೋಳಿಗೂಡಿಗೆ ಇನ್ನೂ ಬಾಗಿಲಿಲ್ಲ. ಹೋಗ್ಲಿ, ಹಳೇ ಡಿಸ್ಕಿನ ಮೇಲೆ ಒಂದು ಎರಡು ಅಂತ ಬರ್ಕೊಳ್ಳಿ. ನಮ್ಮ ಅವಳಿ ಮಕ್ಕಳಿಗೂ ನಾನು ಗುರುತಿಗೆ ದಾರ ಕಟ್ಟಿದ್ದೆ."

"ನನ್ನ ಡಿಸ್ಕು ನನಗೆ ಗೊತ್ತಾಗಲ್ವ?"

ಹಳೆಯ ನಾಲ್ಕನ್ನೂ ಕಿತ್ತು ಮಂಚದ ಮೇಲೆ ಎಸೆದ, ಹೊಸದನ್ನು ತುರುಕಿದ. ಕಾರ್ಡು ಎಚ್ಚೆತ್ತು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ಸೆಬುಲಿಬ ಓದುವ ಜಾತಿಯಲ್ಲ, ಹೇಳುವ ಜಾತಿ. ಗಂಟಲು ಸರಿಮಾಡಿಕೊಂಡು ಅಲ್ಲೇ ಶುರುಮಾಡಿದ: "ಕಾರ್ಡು ಹೇಳ್ತಾ ಇದೆ, ಸಾಲೊಂಗೊ, ತಾವು ಬಂದಿದ್ದು ನಮ್ಮ ಪುಣ್ಯ, ಬಾಗಿಲು ತೆಗೀಲಾ?" ಎಂದವನೇ ಹೌದು ಒತ್ತಿದ.

ಬಾಗಿಲೇನೋ ತೆಗೆಯಿತು. ಎಂಟು ಇರಬೇಕಾದಲ್ಲಿ ಎರಡು. ನಾಲ್ಕು ಡಿಸ್ಕಿಗೂ ಎರಡೆರಡೇ.

"ಕಸುಲೆ ನನಗೆ ಮೋಸ ಮಾಡ್ದ," ಎಂದು ಬೈಕು ಹತ್ತಿ ಪಕ್ಕದ ಮಸಾಕ ಪಟ್ಟಣಕ್ಕೆ ಹಾರಿ, ಡಿಸ್ಕು ಮಾರಿದ ಅಂಗಡಿಯ ಕಸುಲೆಯನ್ನು ಹಿಂದೆ ಕೂರಿಸಿಕೊಂಡೇ ಬಂದ. ಕಸುಲೆ ಒಂದು ಡಿಸ್ಕನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ಪೂರಾ ಎಂಟು.

"ಡಿಸ್ಕು ಸರಿ ಇದೆ ಸಾಲೊಂಗೊ. ಈ ಕಾರ್ಡು ಹುಟ್ಟಿದ ಕಾಲಕ್ಕೆ ಎರಡೇ ಬಹಳ ದೊಡ್ಡದು. ಅದಕ್ಕೆ ಎರಡರ ಮೇಲೆ ಎಣಿಸೋಕೇ ಬರಲ್ಲ."

"ಹಾಗಾದ್ರೆ ಹಳೇದೇ ಹಾಕು."

ಹಾಕಿದರು. ಕಾರ್ಡು ಹಳೆಯ ಡಿಸ್ಕುಗಳನ್ನು ಯಾರೋ ಅಪರಿಚಿತರು ಎಂಬಂತೆ ನೋಡಿತು.

"ಮೊದಲು ಏನಾದ್ರೂ ಕೇಳ್ತಾ ಇದು?"

"ಸ್ವಾಗತ ಅಂತು."

ಕಸುಲೆ ಹಣೆ ಒತ್ತಿಕೊಂಡ. "'ಹಳೇ ಜೋಡಣೆ ಮರೆತುಬಿಡ್ಲಾ?' ಅಂತ ಕೇಳಿರತ್ತೆ. ಸಿನಿಮಾ ಎಲ್ಲೂ ಹೋಗಿಲ್ಲ, ಯಾವುದು ಎಷ್ಟನೇದು ಅಂತ ಮರೆತಿದೆ ಅಷ್ಟೆ. ನೀವು ನಂಬರ್ ಬರೆದಿದ್ರೆ ಈಗ್ಲೇ ಸರಿ ಮಾಡ್ತಿದ್ದೆ. ಇನ್ನು ಮಂಗಳವಾರ ನಮ್ಮ ಗುರುಗಳೇ ಬರ್ಬೇಕು. ಅಲ್ಲೀವರೆಗೆ ಯಾವ ಗುಂಡೀನೂ ಒತ್ತಬೇಡಿ."

ನಾಲೊಂಗೊ ಮಂದಾಜಿಯನ್ನು ಎಣ್ಣೆಗೆ ಸ್ವಲ್ಪ ಜೋರಾಗಿ ಬಿಟ್ಟಳು, ಅಷ್ಟೆ.

ನಾಲ್ಕು ಹೊಡೆಯಿತು. ಬೆಂಚುಗಳ ಮೇಲೆ ಎಂಬತ್ತು ಜನ, ಮುಂದೆ ಬೆಳ್ಳನೆ ಪರದೆ. ಎದುರಿನ ಸಿನಿಮಾ ಹಾಲ್‌ನವನು ಆಗಲೇ ಬಾಗಿಲಿಗೆ ಬಂದು ನಿಂತಿದ್ದ. ಇವತ್ತು ಜನ ಎದ್ದು ಅತ್ತ ಹೋದರೆ ಮತ್ತೆ ಇತ್ತ ಬರುವವರಲ್ಲ. ಎಲ್ಲಿ ಹೋಯಿತೋ ಆ ದೊಡ್ಡ ಗಂಟಲು! ಸೆಬುಲಿಬನ ಬಾಯಿಂದ ಗಾಳಿಯೂ ಹೊರಡಲಿಲ್ಲ.

ನಾಲೊಂಗೊ ಕೈ ಒರೆಸಿಕೊಂಡು ಬಂದು ಮೈಕು ಕಿತ್ತುಕೊಂಡಳು. "ಇವತ್ತಿನ ಸಿನಿಮಾಕ್ಕೆ ಚಿತ್ರ ಇಲ್ಲ," ಎಂದಳು. "ಹೀರೋ ನಿಮಗೆ ಗೊತ್ತಿರೋರೇ, ಚಿತ್ರ ಯಾಕೆ? ಬೆಳಿಗ್ಗೆ ಎದ್ದ. ಹಲ್ಲು ಉಜ್ಜಲಿಲ್ಲ. ಭೂಮಿ ಮೇಲಿನ ಸಿನಿಮಾನೆಲ್ಲ ಬೀರು ಮೇಲೆ ಇಡ್ತೀನಿ ಅಂದ."

ಹಿಂದಿನ ಬೆಂಚು ನಕ್ಕಿತು. ಕಾರ್ಡು ಸ್ವಾಗತ ಕೋರಿದ ಜಾಗಕ್ಕೆ ಬರುವಾಗ ಮುಂದಿನ ಬೆಂಚು ಮುರಿಯಿತು. ಕಸುಲೆ ತನ್ನ ಪಾತ್ರ ಬಂದಾಗ ಎದ್ದು ಕೈಮುಗಿದ. ಎದುರಿನ ಹಾಲ್‌ನವನು ಒಳಗೆ ಬಂದು ಕೂತ, ಟಿಕೆಟ್ಟು ಕೊಂಡೇ. ಎರಡು ಗಂಟೆ ಓಡಿತು ಆ ಸಿನಿಮಾ. ಸೆಬುಲಿಬ ಬಾಗಿಲಲ್ಲಿ ಕೂತು ಮಂದಾಜಿ ಕರಿಯುತ್ತ, ಬೇರೆ ಯಾರದೋ ಕಥೆಯೆಂಬಂತೆ ತಾನೂ ನಕ್ಕ.

ಮಂಗಳವಾರ ಗುರು ಬಂದರು, ಒಂಬೈನೂರೂ ಸಿಕ್ಕವು. ಎಂಟರವರೆಗೆ ಎಣಿಸಬಲ್ಲ ಹೊಸ ಕಾರ್ಡೂ ಬಂತು. ಮುಂದಿನ ಭಾನುವಾರ ಸೆಬುಲಿಬ ತನ್ನ ಅತಿ ಒಳ್ಳೆಯ ಕುಂಗ್‌ಫು ಚಿತ್ರ ಹಚ್ಚಿ ಗುಡುಗಿದ. ಹತ್ತು ನಿಮಿಷವಾಗಿರಲಿಲ್ಲ, ಹಿಂದಿನಿಂದ ಒಬ್ಬ ಮುದುಕಿ ಕೇಳಿದಳು:

"ಸಾಲೊಂಗೊ, ಆ ಬೆಳಕು ಕಣ್ಣಿಗೆ ಚುಚ್ಚತ್ತಪ್ಪ. ಅದನ್ನ ಆರಿಸಿ, ಹೋದ ವಾರದ್ದೇ ಹಾಕು."

ಎಂಬತ್ತು ಜನವೂ ಹ್ಞೂಂ ಎಂದರು. ಸೆಬುಲಿಬ ಮೈಕನ್ನು ಹೆಂಡತಿಗೆ ಕೊಟ್ಟು ಒಲೆಯ ಕಡೆ ನಡೆದ.

"ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಎರಡರ ಮೇಲೂ ಬರೆದಿಟ್ಟಿದೀನಿ," ಎಂದು ನಾಲೊಂಗೊ ಮೈಕಿನಲ್ಲೇ ಹೇಳಿದಳು. "ಓದಿ ಹಾಕಿ. ನೀವೇ ಏನೋ ಹೇಳ್ಕೊಂಡು ಹಾಕ್ಬೇಡಿ."