ಫೋನು ಪೆಟ್ಟಿಗೆಗೆ, ಮಕ್ಕಳು ಬಸ್ಕಿಗೆ

ನನ್ನ ಸೋದರಮಾವನ ಪ್ರಕಾರ ಈ ಭೂಮಿಯ ಮೇಲೆ ಎರಡೇ ಜಾತಿಯ ಜನರಿದ್ದಾರೆ: ಬಸ್ಕಿ ಹೊಡೆಯುವವರು ಮತ್ತು ಇನ್ನೂ ಹೊಡೆಯದವರು. ಎರಡನೆಯವರ ಮೇಲೆ ಅವರಿಗೆ ದ್ವೇಷವಿಲ್ಲ, ಕನಿಕರವಿದೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತವರು ಏಳುವಾಗ ನೆಲಕ್ಕೆ ಕೈಯೂರಿದರೆ ಸಾಕು, ಮಾವ ನನ್ನ ಕಿವಿಯಲ್ಲಿ, "ತೊಡೇಲಿ ಶಕ್ತಿನೇ ಇಲ್ಲ ನೋಡು, ಪಾಪ" ಎನ್ನುತ್ತಾರೆ. ಹಾಗೆ ಅವರು ಮರುಗಿದವರಲ್ಲಿ ಮದುಮಗನೂ ಒಬ್ಬ!

ಮಾವ ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ನಾನು ಅಲ್ಲಿಯೇ ಗಣಿತದ ಟೀಚರು. ಅವರು ದಿನಾ ಆದಿವಾಲದಿಂದ ಸೈಕಲ್ಲಿನಲ್ಲಿ ಬರುತ್ತಾರೆ. ಎದುರುಗಾಳಿ ಬಿಟ್ಟರೆ ಸಂತೋಷಪಡುತ್ತಾರೆ. ವಾಚು ಕಟ್ಟುವುದಿಲ್ಲ. ಕಟ್ಟಿದರೆ ಒಂದು ಕೈಗೆ ಭಾರ ಹೆಚ್ಚಾಗಿ ಭುಜ ಓರೆಯಾಗುತ್ತದಂತೆ. ಹಾಗಾದರೆ ಎರಡು ಕೈಗೂ ಒಂದೊಂದು ಕಟ್ಟಿಕೊಳ್ಳಿ ಅಂದೆ.

"ಎರಡೂ ಬ್ಯಾರೆ ಬ್ಯಾರೆ ಟೈಮ್ ತೋರ್ಸಿದ್ರೆ?" ಅಂದರು. ಇದಕ್ಕೆ ಗಣಿತದಲ್ಲಿ ಉತ್ತರವಿಲ್ಲ.

"ನಮ್ಮ ಮಕ್ಕಳಿಗಿಂತ ಅವರ ಬ್ಯಾಗುಗಳೇ ಗಟ್ಟಿ ಅವೆ" ಎಂದು ಘೋಷಿಸಿ, ಅವರು ಒಂಬತ್ತು ಮತ್ತು ಹತ್ತನೇ ತರಗತಿಗೆ ಶಕ್ತಿ ತರಬೇತಿ ಶುರುಮಾಡಿದರು. ಸಾಮಾನು ಎಲ್ಲಿಂದ ಬರಬೇಕು? ಖಾಲಿ ಪೇಂಟ್ ಡಬ್ಬಿಗಳಿಗೆ ಸಿಮೆಂಟ್ ಕಲಸಿ ತುಂಬಿ, ನಡುವೆ ಹಿಡಿ ಕೂರಿಸಿದರು. ಯಾರು ಎಷ್ಟು ಭಾರ ಎತ್ತಬೇಕು, ನಡುವೆ ಎಷ್ಟು ಹೊತ್ತು ಸುಧಾರಿಸಿಕೊಳ್ಳಬೇಕು, ಎಲ್ಲ ಲೆಕ್ಕವೂ ಫೋನಿನಲ್ಲಿ. ಆಗ ಮಕ್ಕಳ ಕೈಯಲ್ಲೂ ಫೋನಿತ್ತು. ತೊಂಬತ್ತು ಸೆಕೆಂಡಿನ ವಿಶ್ರಾಂತಿ ಕಾಲು ಗಂಟೆಯಾಗುತ್ತಿತ್ತು. ಒಬ್ಬಳು ಡಬ್ಬಿಯ ಜೊತೆ ಮೂವತ್ತೊಂದು ಫೋಟೋ ತೆಗೆಸಿಕೊಂಡಳು. ಮೂವತ್ತೊಂದರಲ್ಲೂ ಡಬ್ಬಿ ನೆಲದ ಮೇಲೇ ಇತ್ತು.

ಕೊನೆಗೆ ಹೆಡ್‌ಮಿಸ್ಟ್ರೆಸ್ ಮೇಡಂ ಒಂದು ಮರದ ಪೆಟ್ಟಿಗೆ ಮಾಡಿಸಿದರು. ಬೆಳಿಗ್ಗೆ ಎಲ್ಲ ಮಕ್ಕಳ ಫೋನೂ ಒಳಗೆ, ಸಂಜೆ ಹೊರಗೆ. ಮಾವನಿಗೆ ಎಷ್ಟು ಖುಷಿಯಾಯಿತೆಂದರೆ ಪೆಟ್ಟಿಗೆಯನ್ನು ಆಟೋದಿಂದ ತಾವೇ ಹೊತ್ತು ತಂದರು. ದಾರಿಯಲ್ಲಿ ಅದನ್ನು ತಲೆಯ ಮೇಲೆತ್ತಿ ಐದು ಸಲ ಇಳಿಸಿದರು ಕೂಡ. ಆಗ ಹತ್ತನೇ ತರಗತಿಯ ಮುಬೀನಾ ಕೇಳಿಯೇಬಿಟ್ಟಳು: "ಸರ್, ನಿಮ್ದೂ?"

ಮೇಷ್ಟ್ರುಗಳಿಗೆ ಈ ನಿಯಮವಿಲ್ಲ ಎಂದು ಮೇಡಂ ಹೇಳಲು ಹೊರಟರು.

"ಮಕ್ಕಳಿಗೊಂದು, ನಂಗೊಂದಾ? ಹಾಕ್ರಿ ಮೇಡಂ ಬೀಗ!" ಅಂದರು ಮಾವ.

ಬೀಗ ಬಿತ್ತು. ಇಡೀ ತರಬೇತಿಯ ಲೆಕ್ಕವೂ ಫೋನಿನ ಜೊತೆಗೇ ಒಳಗೆ ಹೋಗಿದೆ ಎಂದು ಗೊತ್ತಾಗುವುದಕ್ಕೆ ಅರ್ಧ ಗಂಟೆ ಹಿಡಿಯಿತು.

ಮಾವ ಹೆದರುವ ಪೈಕಿಯಲ್ಲ. ಯಾರು ಎಷ್ಟು ಎತ್ತಿದರೆಂದು ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. ನಮ್ಮ ಕಡೆ ಮಳೆ ಅಪರೂಪ, ಆದರೆ ಅದೇ ವಾರ ಬಂತು. ಒಂದೇ ಮಳೆಗೆ ಹತ್ತನೇ ತರಗತಿ ಪೂರ್ತಿ ದುರ್ಬಲವಾಯಿತು! ಸಮಯಕ್ಕೇನು ಮಾಡುವುದು? ಅದಕ್ಕೆ ಹದಿನೇಳರ ಮಗ್ಗಿ. ಮೇಲಿನಿಂದ ಕೆಳಕ್ಕೊಮ್ಮೆ, ಕೆಳಗಿನಿಂದ ಮೇಲಕ್ಕೊಮ್ಮೆ ಹೇಳಿ ಮುಗಿಸಿದರೆ ವಿಶ್ರಾಂತಿ ಮುಗಿಯಿತು. ನಾನು ಎರಡು ವರ್ಷ ಗಂಟಲು ಹರಿದುಕೊಂಡು ಕಲಿಸಲಾಗದ್ದನ್ನು ಸಿಮೆಂಟ್ ಡಬ್ಬಿ ಎರಡು ವಾರದಲ್ಲಿ ಕಲಿಸಿತು. ಒಂದೇ ತೊಂದರೆ. ತರಗತಿಯಲ್ಲಿ ಹದಿನೇಳೆಂಟಲೆ ಎಷ್ಟು ಎಂದು ಕೇಳಿದರೆ, ಮಕ್ಕಳು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು, ಎರಡು ಸಲ ಜೋರಾಗಿ ಉಸಿರುಬಿಟ್ಟು ಆಮೇಲೆ ಉತ್ತರ ಹೇಳುತ್ತಿದ್ದರು.

ಮುಬೀನಾಳ ತಾಯಿಗೆ ಪೇಟೆಯಲ್ಲಿ ಬಳೆ ಅಂಗಡಿ. ಒಂದು ದಿನ ಆಕೆ ಜಗಳಕ್ಕೇ ಬಂದರು.

"ಏನ್ ಸಾರ್ ಇದು? ನಾನು ಮಾಡಿದ್ರೆ ಹುಡುಗಿ ಫೋನೇ ಎತ್ತಲ್ಲ!"

"ಫೋನ್ ಎತ್ತಲ್ಲ ಕಣ್ರಮ್ಮ, ಹತ್ತು ಕೇಜಿ ಎತ್ತುತಾಳೆ."

"ಅಲ್ಲಾ, ಹೆಣ್ಮಗು ಅದು!"

"ಅದಿರ್ಲಿ, ನಿಮ್ಮ ಮೊಣಕಾಲು ಹೆಂಗೈತ್ರಿ?"

ಆಕೆ ತಬ್ಬಿಬ್ಬಾದರು. "ಬಹಳ ನೋವೈತೆ ಸಾರ್."

"ಬರ್ರಿ, ಈ ಕುರ್ಚಿ ಮೇಲೆ ಕುಂತ್ಕಳ್ರಿ. ಕೈ ಊರದಂಗೆ ಎದ್ದೇಳ್ರಿ. ಇನ್ನೊಂದ್ಸಲ."

ಎಂಟನೆಯ ಸಲ ಎದ್ದು ನಿಲ್ಲುವ ಹೊತ್ತಿಗೆ ಆಕೆಗೆ ತಾನು ಯಾಕೆ ಬಂದೆನೆಂಬುದೇ ಮರೆತುಹೋಗಿತ್ತು. ಮುಂದಿನ ಸೋಮವಾರ ಪಕ್ಕದ ಅಂಗಡಿಯ ಇಬ್ಬರನ್ನೂ ಕರೆದುಕೊಂಡು ಬಂದರು.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿದ್ದಾಗ ಮುಬೀನಾ ನನ್ನ ಬಳಿ ಬಂದು ಪಿಸುಗುಟ್ಟಿದಳು. "ಮಿಸ್, ಸರ್ ದಿನಾ ಒಂದೂಕಾಲಿಗೆ ಪೆಟ್ಟಿಗೆ ಮುಂದೆ ಹೋಗಿ ನಿಂತ್ಕಂತಾರೆ. ಅವ್ರಿಗೂ ಫೋನಿನ ಚಟ ಐತೆ ಅನ್ಸುತ್ತೆ, ಪಾಪ."

ಹೋಗಿ ನೋಡಿದೆ. ಮಾವ ಬೀಗದ ಮೇಲೆ ಕೈಯಿಟ್ಟು ನಿಂತಿದ್ದರು.

"ಏನ್ ಮಾವ, ರೀಲ್ಸಾ?" ಅಂದೆ.

ಅವರು ನಗಲಿಲ್ಲ. "ನಿಮ್ಮತ್ತೆ ಕೈ ಎತ್ತೋ ಹೊತ್ತು ಕಣೇ ಇದು" ಅಂದರು.

ಅತ್ತೆಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಅಷ್ಟು ನನಗೆ ಗೊತ್ತಿತ್ತು. ದಿನಕ್ಕೆ ಮೂರು ಹೊತ್ತು ಆ ಕೈಗೆ ವ್ಯಾಯಾಮ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರಂತೆ. ಬೆಳಿಗ್ಗೆ, ಸಂಜೆ ಮಾವ ಎದುರಿಗೆ ಕೂತು ಎಣಿಸುತ್ತಿದ್ದರು. ಮಧ್ಯಾಹ್ನದ್ದು ಫೋನಿನಲ್ಲಿ. ಪಕ್ಕದ ಮನೆಯಾಕೆ ಸ್ಪೀಕರ್ ಹಾಕಿ ಫೋನನ್ನು ಹಾಸಿಗೆಯ ಮೇಲಿಟ್ಟರೆ, ಇಲ್ಲಿಂದ ಇವರು ಎಣಿಸಿದಂತೆ ಅತ್ತೆ ಖಾಲಿ ಲೋಟ ಎತ್ತುತ್ತಿದ್ದರು. ಪೆಟ್ಟಿಗೆಗೆ ಬೀಗ ಬಿದ್ದ ಮೇಲೆ ಮಧ್ಯಾಹ್ನದ ಲೋಟ ಮೇಲೇಳಲೇ ಇಲ್ಲ. ಬೇರೆ ಯಾರಾದರೂ ಎಣಿಸಿದರೆ ಅತ್ತೆ ಮುಖ ತಿರುಗಿಸುತ್ತಿದ್ದರಂತೆ.

"ಮೇಡಂಗೆ ಹೇಳ್ಬಾರದಾ ಮಾವ?"

"ಮಕ್ಕಳ ಮುಂದೆ ಮಾತು ಕೊಟ್ಟೀನಿ. ಹೆಂಗೆ ಹೇಳ್ಲಿ?"

ನಾನೇ ಹೋಗಿ ಹೇಳಿದೆ. ಮೇಡಂ ಮಾವನನ್ನು ಕರೆಸಿ ಚೆನ್ನಾಗಿ ಬೈದರು. ಆಮೇಲೆ, "ಪೆಟ್ಟಿಗೆ ಬೀಗ ತೆಗೆಯೋದು ಬ್ಯಾಡ ಸರ್. ನನ್ನ ಮೇಜಿನ ಮೇಲೆ ವೈರಿನ ಫೋನ್ ಐತಲ್ಲ, ಅದಕ್ಕೆ ಯಾವ ನಿಯಮನೂ ಇಲ್ಲ" ಅಂದರು.

ಈಗ ದಿನಾ ಒಂದೂಕಾಲಿಗೆ ಮಾವ ಆಫೀಸಿನಲ್ಲಿ ರಿಸೀವರ್ ಹಿಡಿದು ಕೂರುತ್ತಾರೆ. ಮೈದಾನದಲ್ಲಿ ಕೂಗಿದರೆ ಹೈವೇ ಲಾರಿಯವರು ಬ್ರೇಕ್ ಹಾಕುವಂಥ ಗಂಟಲು ಅದು. ಅಲ್ಲಿ ಮಾತ್ರ ಮಗುವನ್ನು ಮಲಗಿಸುವಂತೆ, "ಎತ್ತೇ... ಒಂದು... ನಿಧಾನಕ್ಕೆ ಇಳ್ಸು" ಎನ್ನುತ್ತದೆ. ಕಿಟಕಿಯಾಚೆ ಹತ್ತನೇ ತರಗತಿಯವರು ತಟ್ಟೆ ತೊಳೆಯುವ ನೆಪದಲ್ಲಿ ಸದ್ದಿಲ್ಲದೆ ನಿಂತಿರುತ್ತಾರೆ.

ಮೊನ್ನೆ ಶುಕ್ರವಾರ ಪಕ್ಕದ ಮೇಜಿನಲ್ಲಿ ನಾನು ನೋಟ್ಸ್ ತಿದ್ದುತ್ತಿದ್ದೆ. ಮಾವ ಹತ್ತರವರೆಗೆ ಎಣಿಸಿ, "ಸಾಕು, ಸುಸ್ತಾಗ್ತೀಯ" ಎಂದು ರಿಸೀವರ್ ಇಡಲು ಹೋದವರು ತಟಕ್ಕನೆ ನಿಂತರು. ಮತ್ತೆ ಕಿವಿಗೆ ಒತ್ತಿಕೊಂಡರು. ಕಣ್ಣು ತುಂಬಿಕೊಂಡು ನನ್ನ ಕಡೆ ತಿರುಗಿದರು.

"ಹನ್ನೊಂದು ಅಂದ್ಲು ಕಣೇ."