ಒದ್ದೆ ಟವೆಲಿನಲ್ಲಿ ಒಂಬತ್ತನೇ ದಿನ

ಪಾರಾಯಣ ಮಾಡುವುದೇನು ಮಹಾ ಕೆಲಸ ಎಂದು ನಾನು ಇಪ್ಪತ್ತಾರು ವರ್ಷಗಳಿಂದ ಅಂದುಕೊಂಡಿದ್ದೆ. ಅಷ್ಟೂ ವರ್ಷ ನನ್ನ ಹೆಂಡತಿ ಶಾರದಾ ವರ್ಷಕ್ಕೊಮ್ಮೆ ಒಂಬತ್ತು ದಿನ ದೇವರ ಮುಂದೆ ಕೂತು ಪುರಾಣ ಓದುವುದನ್ನು ಸೋಫಾದ ಮೇಲಿಂದ ನೋಡಿದ್ದೇನೆ. ಮಣೆ ಹಾಕುವುದು, ದೀಪ ಹಚ್ಚುವುದು, ಓದುವುದು. ಅಕ್ಷರ ಬಲ್ಲ ಯಾರು ಬೇಕಾದರೂ ಮಾಡಬಹುದು!

ಈ ವರ್ಷ ಅವಳ ಮಂಡಿ ಕೈಕೊಟ್ಟಿತು. ನೆಲದ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಒಂದು ವರ್ಷವೂ ತಪ್ಪಿಸದವಳು, ಈ ಸಲ ತಪ್ಪಿಹೋಗುತ್ತದಲ್ಲ ಎಂದು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಕಂಡೆ.

"ನಾನು ಓದ್ತೀನಿ ಬಿಡೇ," ಎಂದೆ.

"ನೀವಾ?" ಎಂದಳು.

ಬೇರೆ ಏನಾದರೂ ಅಂದಿದ್ದರೆ ಸುಮ್ಮನಿರುತ್ತಿದ್ದೆನೇನೋ. ಆ ಒಂದು ಮಾತಿಗೆ ನಾನು ಅಲ್ಲೇ ಸಂಕಲ್ಪ ಮಾಡಿಬಿಟ್ಟೆ.

ಅವಳು ನಿಯಮಗಳನ್ನು ಹೇಳಿಕೊಟ್ಟಳು. ಸ್ನಾನ ಮಾಡಿ, ಯಾರನ್ನೂ ಮುಟ್ಟದೆ ಮಡಿಪಂಚೆ ಉಡಬೇಕು. ಅಧ್ಯಾಯದ ಮಧ್ಯೆ ಏಳಬಾರದು, ಮಾತಾಡಬಾರದು. ಕೊನೆಗೆ ನೈವೇದ್ಯ, ಮಂಗಳಾರತಿ. ಇಷ್ಟೇ. ವಿಮಾನದ ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತನಾಲ್ಕು ವರ್ಷ ನಿಯಮಾವಳಿಯನ್ನೇ ಉಂಡು ಉಸಿರಾಡಿ ನಿವೃತ್ತನಾದ ನನಗೆ ಇದು ತೀರಾ ಕಮ್ಮಿ ಅನ್ನಿಸಿತು. ಆದ್ದರಿಂದ ಸ್ನಾನವಾದ ಕ್ಷಣದಿಂದ ಮಂಗಳಾರತಿಯವರೆಗೆ ಅಖಂಡ ಮೌನ ಎಂಬ ತಿದ್ದುಪಡಿಯನ್ನು ನಾನೇ ಜಾರಿಗೆ ತಂದೆ. ಪುಸ್ತಕದ ಮೊದಲಿಗೆ ಓದುವ ಕ್ರಮ ಎಂದು ಎರಡು ಪುಟ ಇತ್ತು. ಅದು ಅನುಭವ ಇಲ್ಲದವರಿಗೆ ಎಂದು ಪುಟ ಮಗುಚಿದೆ.

ಎಂಟು ದಿನ ನಿರ್ವಿಘ್ನವಾಗಿ ನಡೆಯಿತು. ನಿರ್ವಿಘ್ನ ಎಂದರೆ ನನಗೆ. ಶಾರದಾ ಬೆಳಗಾದರೆ ನನ್ನ ಕೈಸನ್ನೆ ಬಿಡಿಸುತ್ತಾ ನಿಂತಿರಬೇಕಾಗುತ್ತಿತ್ತು. ಕರ್ಪೂರ ಕೇಳಿದರೆ ಬೆಂಕಿಪೊಟ್ಟಣ ತರುತ್ತಿದ್ದಳು, ಬೆಂಕಿಪೊಟ್ಟಣ ಕೇಳಿದರೆ ಅಮೃತಾಂಜನ. ಮನೆಯಲ್ಲಿ ಮೌನವ್ರತ ನಡೆಯುತ್ತಿದೆ ಎಂದು ಅಪಾರ್ಟ್‌ಮೆಂಟಿನವರಿಗೆ ಮಾತ್ರ ಹೇಳಿಕೊಳ್ಳಲಿಲ್ಲ. ಸಾಧಕನಿಗೆ ಆಡಂಬರ ಸಲ್ಲದು. ಹೇಳಿಕೊಂಡಿದ್ದರೆ ಒಳ್ಳೆಯದಿತ್ತು.

ಒಂಬತ್ತನೇ ದಿನ ಶಾರದಾ ಬೆಳಿಗ್ಗೆಯೇ ಹಲಸೂರಿಗೆ ಮಂಡಿಯ ಫಿಸಿಯೋಥೆರಪಿಗೆ ಹೊರಟಳು. ಪಾಯಸದ ಹಾಲನ್ನು ಸಣ್ಣ ಉರಿಯಲ್ಲಿ ಇಟ್ಟಿದ್ದಾಳೆಂದೂ, ಹತ್ತು ನಿಮಿಷಕ್ಕೆ ಆರಿಸಬೇಕೆಂದೂ ಎರಡು ಸಲ ಹೇಳಿದಳು. ಆಗಲೇ ಸ್ನಾನವಾಗಿದ್ದರಿಂದ ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ ಒದ್ದೆ ಟವೆಲಿನಲ್ಲೇ, ತಾರಸಿಯ ಮೇಲೆ ಒಣಹಾಕಿದ್ದ ಮಡಿಪಂಚೆ ತರಲು ಮೆಟ್ಟಿಲು ಹತ್ತಿದೆ. ನಮ್ಮದು ಕಾಕ್ಸ್ ಟೌನಿನ ಹಳೆಯ ಮನೆ ಕೆಡವಿ ಕಟ್ಟಿದ ಫ್ಲಾಟು. ಮೂರನೇ ಮಹಡಿ, ಮೇಲೆ ತಾರಸಿ. ತಾರಸಿಯ ಬಾಗಿಲು ತೆಗೆದೆ. ಗಾಳಿ ಒಳಗೆ ನುಗ್ಗಿತು. ಕೆಳಗೆ ನಮ್ಮ ಮನೆಯ ಬಾಗಿಲು ಧಡ್ ಎಂದಿತು.

ಎಳೆದುಕೊಂಡರೆ ತಾನೇ ಬೀಗ ಬೀಳುವ ಬಾಗಿಲು. ಬೀಗದ ಕೈ ಹಲಸೂರಿನಲ್ಲಿ, ಫೋನು ಒಳಗೆ, ಹಾಲು ಒಲೆಯ ಮೇಲೆ. ಇನ್ನು ಪಂಚೆಯೋ, ಗಾಳಿಗೆ ಹಾರಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಆರಾಮಾಗಿ ಕೂತಿತ್ತು!

ಬೇರೆ ದಾರಿಯಿಲ್ಲದೆ ಎದುರುಮನೆಯ ಗಂಟೆ ಒತ್ತಿದೆ. ನಯಾಜ್ ಬಾಗಿಲು ತೆರೆದರು. ಶಿವಾಜಿನಗರದಲ್ಲಿ ಬೀಗ, ಚಿಲಕ, ಬಾಗಿಲ ಕೀಲುಗಳ ಅಂಗಡಿ ಇಟ್ಟವರು. ನಾನು ನಮ್ಮ ಬಾಗಿಲು ತೋರಿಸಿ, ಎರಡೂ ಕೈಗಳನ್ನು ಎದೆಯ ಹತ್ತಿರದಿಂದ ಮೇಲಕ್ಕೆತ್ತಿ ಹಾಲು ಉಕ್ಕುವುದನ್ನು ಅಭಿನಯಿಸಿದೆ. ಅಭಿನಯ ಚೆನ್ನಾಗಿಯೇ ಇತ್ತು. ಎದೆನೋವೆಂದು ತಿಳಿದ ನಯಾಜರ ಮುಖ ಬಿಳಿಚಿಕೊಂಡಿತು. ಅವರು ಮೆಟ್ಟಿಲ ಬಳಿ ಬಗ್ಗಿ, ಎರಡನೇ ಮಹಡಿಯ ಸ್ಟೆಲ್ಲಾ ಆಂಟಿಯನ್ನು ಕರೆದರು. ಸ್ಟೆಲ್ಲಾ ನಿವೃತ್ತ ನರ್ಸು. ಬಂದವರೇ ನನ್ನ ಮಣಿಕಟ್ಟು ಹಿಡಿದರು. ಎಂಟು ದಿನ ಕಾಪಾಡಿಕೊಂಡು ಬಂದ ಮಡಿ ಅಲ್ಲಿಗೆ ಮುಗಿಯಿತು.

"ಮಾತು ನಿಂತುಹೋಗಿದೆ," ಎಂದು ಅವರು ಘೋಷಿಸಿದರು. "ಸಾರ್, ಸ್ವಲ್ಪ ನಗಿ ನೋಡೋಣ."

ಒಳಗೆ ಹಾಲು ಕಾಯುತ್ತಿದೆ, ಮೈಮೇಲೆ ಟವೆಲು ಜಾರುತ್ತಿದೆ. ಅಂಥ ಹೊತ್ತಿನಲ್ಲಿ ನಗು ಎಂದರೆ ಯಾರ ಬಾಯಾದರೂ ಒಂದೇ ಕಡೆಗೆ ಹೋಗುತ್ತದೆ. ನನ್ನದೂ ಹೋಯಿತು.

"ಸೊಟ್ಟ ಇದೆ. ಎರಡು ಕೈನೂ ಮೇಲೆತ್ತಿ."

ಎತ್ತುವುದು ಹೇಗೆ? ಒಂದು ಕೈ ಟವೆಲು ಹಿಡಿದಿತ್ತು. ಒಂದೇ ಕೈ ಎತ್ತಿದೆ. ಅಲ್ಲಿಗೆ ಲಕ್ವ ಎಂದು ಖಚಿತವಾಯಿತು. ನನ್ನನ್ನು ಅಲ್ಲೇ ಬಾಗಿಲ ಹೊರಗೆ ಕುರ್ಚಿಯಲ್ಲಿ ಕೂರಿಸಿ ಕಂಬಳಿ ಹೊದಿಸಿದರು. ಸ್ಟೆಲ್ಲಾ ಆಂಬುಲೆನ್ಸಿಗೆ ಫೋನು ತೆಗೆದರು.

ಒಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡ ಶಾರದಾ ನೆನಪಾದಳು. ಅವಳು ಇಪ್ಪತ್ತಾರು ವರ್ಷ ನಡೆಸಿಕೊಂಡು ಬಂದಿದ್ದನ್ನು ನಾನು ಕೊನೆಯ ದಿನ ಒಂದು ಲೋಟ ಹಾಲಿಗಾಗಿ ಮುರಿಯಲೇ? ಬಾಯಿಗೆ ಬೀಗ ಹಾಕಿಕೊಂಡು ನಮ್ಮ ಬಾಗಿಲ ಮೇಲಿನ ದೇವರ ಸ್ಟಿಕರನ್ನು ತೋರಿಸಿ ಕೈಮುಗಿದೆ.

ಅರ್ಥ ಮಾಡಿಕೊಂಡವರು ನಯಾಜ್. ಸ್ಟೆಲ್ಲಾರ ಫೋನನ್ನು ಮೆಲ್ಲಗೆ ಕೆಳಗಿಳಿಸಿದರು.

"ಅಂಕಲ್ ನಿಯ್ಯತ್ ಮಾಡಿದಾರೆ ಆಂಟಿ. ದೇವರ ಮುಂದೆ ಮನಸ್ಸಲ್ಲಿ ಹೇಳ್ಕೊಂಡಿರೋದು. ನಮ್ ರೋಜಾ ಉಪವಾಸ ಇದ್ದಂಗೆ. ಮಾತಾಡಿಸ್ಬೇಡಿ ಅವರನ್ನ." ಆಮೇಲೆ ಕಾಗದ, ಪೆನ್ನು ತಂದು ನನ್ನ ಕೈಗಿಟ್ಟರು. "ಏನು ಬೇಕು ಬರೀರಿ ಅಂಕಲ್."

ಎಂಥ ಸುಲಭ ಉಪಾಯ! ನಾನು ಬರೆಯತೊಡಗಿದೆ. ಆದರೆ ಮೂವತ್ತನಾಲ್ಕು ವರ್ಷದ ಅಭ್ಯಾಸ ಪೆನ್ನು ಹಿಡಿದ ಕೈಯನ್ನು ಬಿಟ್ಟೀತೇ? "ಮಾನ್ಯರೇ" ಎಂದು ಬರೆದೆ. ಕೆಳಗೆ "ವಿಷಯ" ಎಂದು ಬರೆದು ಗೆರೆ ಎಳೆದೆ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎನ್ನುವಷ್ಟರಲ್ಲಿ ನಮ್ಮ ಬಾಗಿಲ ಸಂದಿಯಿಂದ ಸೀದ ವಾಸನೆ ಬಂತು. ಪತ್ರ ಅಪೂರ್ಣವಾಗಿ ಉಳಿಯಿತು.

ನಯಾಜ್ ತಮ್ಮ ಮನೆಯಿಂದ ನೀರಿನ ಬಾಟಲಿ ತಂದು, ಪ್ಲಾಸ್ಟಿಕ್ಕನ್ನು ಪಟ್ಟಿಯಾಗಿ ಕತ್ತರಿಸಿ, ಬಾಗಿಲ ಸಂದಿಗೆ ತೂರಿಸಿ ಒಮ್ಮೆ ಅಲ್ಲಾಡಿಸಿದರು. ಬಾಗಿಲು ತೆರೆಯಿತು. ಅತ್ಯಂತ ಭದ್ರವಾದದ್ದು ಎಂದು ನಾನು ಅವರ ಅಂಗಡಿಯಲ್ಲೇ ಕೊಂಡ ಬೀಗ ಅದು. ಅವರು ಒಳಗೆ ಓಡಿ ಒಲೆ ಆರಿಸಿದರು. ಪಾತ್ರೆಯ ತಳದಲ್ಲಿ ಹಾಲಿನ ಬದಲು ಇದ್ದಿಲಿತ್ತು.

ಆಗ ಶಾರದಾ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಹೊಗೆ, ಕಂಬಳಿ, ಕಂಬಳಿಯೊಳಗಿನ ಗಂಡ ಎಲ್ಲವನ್ನೂ ನೋಡಿದಳು. ನಯಾಜ್ ನಡೆದದ್ದನ್ನು ಹೇಳಿದರು. ನಾನು ವಿಜಯಿಯ ಹಾಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ.

"ಸ್ನಾನದಿಂದ ಮೌನ ಅಂತ ಯಾರ್ರೀ ಹೇಳಿದ್ದು ನಿಮಗೆ?" ಎಂದಳು. "ಅಧ್ಯಾಯ ಓದುವಾಗ ಮಾತ್ರ ಮಾತಾಡಬಾರದು ಅಂದೆ. ಇಪ್ಪತ್ತಾರು ವರ್ಷ ಒಂದೊಂದು ಅಧ್ಯಾಯ ಮುಗಿದಾಗಲೂ ನಿಮ್ಮ ಸಾಕ್ಸ್ ಎಲ್ಲಿದೆ, ಟಿಫನ್ ಡಬ್ಬಿ ಎಲ್ಲಿದೆ ಅಂತ ಹೇಳ್ತಿದ್ನಲ್ಲ. ಮರೆತುಹೋಯ್ತಾ?"

ನನಗೆ ನಾಚಿಕೆಯಾಯಿತು. ಸೋಫಾದ ಮೇಲಿಂದ ನಾನು ಎಲ್ಲವನ್ನೂ ನೋಡಿದ್ದೆ, ಕೇಳಿದ್ದೆ, ಅಧ್ಯಾಯಕ್ಕೊಮ್ಮೆ ಅವಳನ್ನು ಕೂಗುತ್ತಿದ್ದ ನನ್ನ ದನಿಯೊಂದನ್ನು ಬಿಟ್ಟು.

ಉಳಿದಿದ್ದದ್ದು ಒಂದೇ ಅಧ್ಯಾಯ. ಮತ್ತೆ ಸ್ನಾನ ಮಾಡಿ, ಬೇರೆ ಪಂಚೆ ಉಟ್ಟು ಮಣೆಯ ಮೇಲೆ ಕೂತೆ. ಶಾರದಾ ಕೂಡ ಮತ್ತೆ ಸ್ನಾನ ಮಾಡಿ ಬಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಳು. ನೈವೇದ್ಯಕ್ಕೆ ನಯಾಜ್ ಕೊಟ್ಟ ಬಾಳೆಹಣ್ಣು ಇತ್ತು. ಎರಡು ಪುಟ ಓದಿದೆ. ಕನ್ನಡಕಕ್ಕೆ ಬೆವರು ಹತ್ತಿತು. ಒರೆಸಿ ಪಕ್ಕಕ್ಕಿಟ್ಟು, ಮುಖ ಒರೆಸಿಕೊಂಡು, ತಡಕಾಡಿದೆ.

"ಏನೇ, ನನ್ನ ಕನ್ನಡಕ ಎಲ್ಲಿ?"

ಆಂಬುಲೆನ್ಸಿಗೂ ಬಗ್ಗದ ಮೌನ ಹಾಗೆ ಮುರಿಯಿತು! ಕನ್ನಡಕ ನನ್ನ ತೊಡೆಯ ಕೆಳಗೇ ಇತ್ತು.

ಶಾರದಾ ಸಿಟ್ಟಾಗಲಿಲ್ಲ. ಅಧ್ಯಾಯವನ್ನು ಮೊದಲಿಂದ ಓದಿದರಾಯಿತು ಎಂದು ಪುಸ್ತಕ ತೆಗೆದುಕೊಂಡು, ನಾನು ಮಗುಚಿದ್ದ ಆ ಎರಡು ಪುಟಗಳತ್ತ ಸುಮ್ಮನೆ ಕಣ್ಣಾಡಿಸಿದಳು. ಒಂದು ಸಾಲಿನ ಮೇಲೆ ಅವಳ ಕಣ್ಣು ನಿಂತಿತು. ಕೂರಲಾಗದವರು ಎತ್ತರದ ಆಸನದಲ್ಲಿ ಕೂತು ಓದಬಹುದು ಎಂದು ಅಲ್ಲಿ ಬರೆದಿತ್ತು. ನನ್ನ ಅಮ್ಮ ಬಾಯಿಮಾತಿನಲ್ಲೇ ಹೇಳಿಕೊಟ್ಟದ್ದರಿಂದ ತಾನೂ ಆ ಪುಟ ಓದಿರಲಿಲ್ಲ ಎಂದಳು. ಕುರ್ಚಿಯಲ್ಲೇ ನೆಟ್ಟಗೆ ಕೂತು ಓದತೊಡಗಿದಳು. ಇಪ್ಪತ್ತೇಳನೇ ವರ್ಷದ ಪಾರಾಯಣ ಅವಳ ದನಿಯಲ್ಲೇ ಮುಗಿಯಿತು.

ನನಗೆ ಸೀದ ಪಾತ್ರೆ ತಿಕ್ಕುವ ಸೇವೆ ದೊರಕಿತು. ತಿಕ್ಕುವಾಗ ಮಾತಾಡಬಾರದು ಎಂದಳು. ಅದು ಯಾವ ಪುಟದಲ್ಲಿದೆ ಎಂದು ನಾನು ಕೇಳಲಿಲ್ಲ.