ಮಜೀದ್ ಸಾಹೇಬರು ಸೈಕಲ್ ಹೊಡೆದದ್ದು

ತಲೆ ಅಲ್ಲಾಡಿಸುವ ಮೊದಲು ಮನುಷ್ಯ ಒಂದು ಸಲ ಯೋಚಿಸಬೇಕು. ನಮ್ಮ ಮಜೀದ್ ಯೋಚಿಸಲಿಲ್ಲ.

ಜರ್ಸಿ ಸಿಟಿಯ ಆಫೀಸಿನ ಲಿಫ್ಟಿನಲ್ಲಿ ಬಾಸ್ ಹೆರ್ಮಾನ್ ಅವನನ್ನು ಕೇಳಿದ್ದ, "ನೀನು ಸೈಕಲ್ ತುಳಿಯುತ್ತೀಯಾ?" ಮಜೀದ್ ತಲೆಯನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತೂಗಿದ. ಅವನ ಹುಟ್ಟೂರು ಹಾಸನದಲ್ಲಿ ಹಾಗೆ ತೂಗಿದರೆ 'ನೋಡೋಣ' ಎಂದೂ ಆಗುತ್ತದೆ, 'ಎಲ್ಲಿಯ ಸೈಕಲ್ಲು ಬಿಡಿ ಸ್ವಾಮಿ' ಎಂದೂ ಆಗುತ್ತದೆ. ಆಸ್ಟ್ರಿಯಾದವನಾದ ಹೆರ್ಮಾನ್‌ಗೆ ಮಾತ್ರ 'ಓಹೋ, ಅದಕ್ಕೇನಂತೆ!' ಎಂದಾಯಿತು.

"ವಂಡರ್‌ಫುಲ್! ಶನಿವಾರ ಬೆಳಿಗ್ಗೆ ಕಾಲುವೆ ಹತ್ತಿರ ಸಿಗು" ಎಂದು ಬೆನ್ನು ತಟ್ಟಿ ಹೋದ.

ಬೇರೆ ಕಾಲವಾಗಿದ್ದರೆ ಮಜೀದ್ ಮಾರನೆಯ ದಿನ ಸೊಂಟನೋವು ಎಂದುಬಿಡುತ್ತಿದ್ದ. ಆದರೆ ಅದು ಬ್ಯಾಂಕುಗಳು ಹಪ್ಪಳದ ಹಾಗೆ ಮುರಿದು ಬೀಳುತ್ತಿದ್ದ ವರ್ಷ. ಶುಕ್ರವಾರ ಬಂತೆಂದರೆ ಆಫೀಸಿನಲ್ಲಿ ಯಾರಾದರೊಬ್ಬರು ರಟ್ಟಿನ ಪೆಟ್ಟಿಗೆಯಲ್ಲಿ ತಮ್ಮ ಕಾಫಿ ಮಗ್ಗು, ಮಕ್ಕಳ ಫೋಟೋ ತುಂಬಿಕೊಂಡು ಹೊರಟುಬಿಡುತ್ತಿದ್ದರು. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಮಗಳ ಸ್ಕೂಲು ಹೋಯಿತು.

ಹೆರ್ಮಾನ್‌ನ ಗೋಡೆಯ ಮೇಲೆ ಅವನ ಊರಿನ ಒಂದು ನಕ್ಷೆ ಇತ್ತು. ಆಲ್ಪ್ಸ್ ಬೆಟ್ಟಗಳ ನಡುವೆ ಒಂದು ನದಿ, ನದಿಯ ಪಕ್ಕದಲ್ಲೇ ಕಣಿವೆಯುದ್ದಕ್ಕೂ ಸೈಕಲ್ಲಿಗೆಂದೇ ಮಾಡಿದ ಜಲ್ಲಿ ಹಾದಿ. ಬೇಸಿಗೆಯಲ್ಲಿ ತನ್ನ ತಂಡದ ಕೆಲವರನ್ನು ಅಲ್ಲಿಗೆ ಕರೆದೊಯ್ಯಬೇಕೆಂಬುದು ಅವನ ಆಸೆ. ಆ ನದಿಯ ಹೆಸರು ಇನ್. ಆಫೀಸಿನ ಊಟದ ಟೇಬಲ್ಲಿನಲ್ಲಿ ಸಹೋದ್ಯೋಗಿ ಇಮ್ರಾನ್ ಇದಕ್ಕೆ ಭಾಷ್ಯ ಬರೆದಿದ್ದ: "ಇನ್ ನದಿ ದಂಡೇಲಿ ಸೈಕಲ್ ಹೊಡೆಯೋರು ಇನ್ನು, ಹೊಡೀದೇ ಇರೋರು ಔಟು. ಇಷ್ಟೇ ಕಣೋ ಲೆಕ್ಕ."

ಹೀಗಾಗಿ ಶನಿವಾರ ಬೆಳಿಗ್ಗೆ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿನ ಮುಂದೆ ಮಜೀದ್ ಯಾರದೋ ಗರಾಜಿನಿಂದ ತಂದ ಹಳೆಯ ಸೈಕಲ್ಲಿನ ಪಕ್ಕ, ಬಲಿಯ ಕುರಿಯ ಮುಖ ಹೊತ್ತು ನಿಂತಿದ್ದ. ತಲೆಯ ಮೇಲೆ ಮಗಳು ಮೆಹವಿಶ್‌ಳ ನೇರಳೆ ಬಣ್ಣದ ಹೆಲ್ಮೆಟ್ಟು. ಅದರ ಮೇಲೆ ಚಿಟ್ಟೆ.

"ನಿಜವಾಗ್ಲೂ ಬರುತ್ತೇನ್ರೀ ಸೈಕಲ್ ಹೊಡೆಯೋಕೆ?" ಹೆಂಡತಿ ಆಯಿಷಾ ಕೇಳಿದಳು.

"ನನಗೆ ಬರುತ್ತೆ. ಸೈಕಲ್ಲಿಗೆ ಬರ್ಬೇಕಲ್ಲ" ಎಂದ ಮಜೀದ್.

"ಅಬ್ಬಾ, ಡೋಂಟ್ ಬ್ರೇಕ್ ಮೈ ಹೆಲ್ಮೆಟ್" ಎಂದಳು ಮೆಹವಿಶ್. ಅಪ್ಪನ ತಲೆಯ ಬಗ್ಗೆ ಏನೂ ಹೇಳಲಿಲ್ಲ.

ಮಜೀದ್ ಓಲಾಡುತ್ತ ತಿರುವು ದಾಟಿದ ಮೇಲೆ ಆಯಿಷಾ ಒಳಗೆ ಹೋಗುವವಳಿದ್ದಳು. ಅಷ್ಟರಲ್ಲಿ ಕೆಳಗಿನ ಮನೆಯ ಬಾಲ್ಕನಿಯಿಂದ ಶಿವಲಿಂಗಮ್ಮನವರ ದನಿ ಬಂತು. ಬೆಂಗಳೂರಿನ ಚಾಮರಾಜಪೇಟೆಯವರು, ಚಳಿಗಾಲವೆಲ್ಲ ಒಳಗಿಟ್ಟು ಸಾಕಿದ್ದ ಕರಿಬೇವಿನ ಕುಂಡಕ್ಕೆ ಬಿಸಿಲು ತೋರಿಸುತ್ತಿದ್ದರು.

"ಏನಮ್ಮಾ, ಸಾಹೇಬ್ರು ಬೆಳ್ಬೆಳಿಗ್ಗೆ ಎಲ್ಲಿಗೋ ಹೊರಟ್ರು?"

"ಅವ್ರಾ ಆಂಟಿ? ಈಗ ಸೈಕಲ್ ಹೊಡೀತಿದಾರೆ. ಆಫೀಸಲ್ಲಿ ಎಲ್ಲಾ ಔಟಾಗ್ತಿದಾರಲ್ಲ, ಅದಕ್ಕೆ. ಕಾಲುವೆ ಕಡೆ ಹೋದ್ರು" ಎಂದು ಹೇಳಿ ಆಯಿಷಾ ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಓಡಿದಳು.

ಶಿವಲಿಂಗಮ್ಮನವರ ಕೈಯಲ್ಲಿದ್ದ ನೀರಿನ ಚೊಂಬು ಅಲ್ಲೇ ನಿಂತಿತು. ಹಾಸನದಲ್ಲಿ ಸೈಕಲ್ ಹೊಡೆಯುವುದೆಂದರೆ ಸೈಕಲ್ ಹೊಡೆಯುವುದು, ಅಷ್ಟೆ. ಆದರೆ ಅವರ ಚಾಮರಾಜಪೇಟೆಯ ಬೀದಿಯಲ್ಲಿ 'ಅವನು ಸೈಕಲ್ ಹೊಡೀತಿದಾನೆ' ಎಂದರೆ ಕೆಲಸವಿಲ್ಲದೆ ಬೀದಿ ಬೀದಿ ಅಲೆಯುತ್ತಿದ್ದಾನೆ ಎಂದೇ ಅರ್ಥ.

"ರೀ!" ಶಿವಲಿಂಗಮ್ಮ ಗಂಡ ಪಂಚಾಕ್ಷರಿಯವರನ್ನು ಎಬ್ಬಿಸಿದರು. "ಮಜೀದ್ ಸಾಹೇಬ್ರ ಕೆಲ್ಸ ಹೋಯ್ತಂತ್ರೀ! ಪಾಪ, ಆ ಹುಡುಗಿ ಹೇಳ್ಬಿಟ್ಟು ಅಳು ತಡೀಲಾರ್ದೆ ಒಳಗೆ ಓಡಿಹೋದ್ಲು."

"ಅಯ್ಯೋ ಪಾಪ. ಈಗೆಲ್ಲಿದಾರೆ?"

"ಕಾಲುವೆ ಕಡೆ ಹೋದ್ರಂತೆ."

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲುವೆಯಲ್ಲಿ ನೀರಿತ್ತು. ಪಂಚಾಕ್ಷರಿಯವರು ಪೈಜಾಮದ ಮೇಲೇ ಕೋಟು ಹಾಕಿಕೊಂಡು ಕಾರಿನ ಕೀ ಎತ್ತಿಕೊಂಡರು.

ಅತ್ತ ಕಾಲುವೆಯ ದಂಡೆಯಲ್ಲಿ ಮಜೀದ್‌ನ ಸೈಕಲ್ಲು ಜಲ್ಲಿಯ ಮೇಲೆ ಕಡಲೆ ಹುರಿದ ಹಾಗೆ ಸದ್ದು ಮಾಡುತ್ತಿತ್ತು. ಎಲುಬುಗಳೂ ತಾಳ ಹಾಕುತ್ತಿದ್ದವು. ಪಕ್ಕದಲ್ಲಿ ಹೆರ್ಮಾನ್ ಬೆಣ್ಣೆಯ ಮೇಲೆ ಚಾಕು ಹೋದಂತೆ ಹೋಗುತ್ತಿದ್ದ.

"ಇವತ್ತು ಆಫೀಸಿನ ಮಾತು ಬೇಡ, ಆಯಿತಾ?" ಎಂದು ಅವನು ಮೊದಲೇ ಹೇಳಿದ್ದ. ಮಜೀದ್‌ಗೆ ಮಾತಾಡಲು ಉಸಿರೇ ಇರಲಿಲ್ಲ.

"ಜಲ್ಲಿಯ ಮೇಲೆ ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿಯಬಾರದು. ಪುಟ್ಟ ಹಕ್ಕಿಯನ್ನು ಹಿಡಿದ ಹಾಗೆ ಹಿಡಿ. ನಮ್ಮ ಕಣಿವೆಯಲ್ಲಿ ನನ್ನ ತಾಯಿ ಹಾಗೇ ಕಲಿಸಿದ್ದು" ಎಂದ ಹೆರ್ಮಾನ್. ಅವನ ದನಿ ಮೆತ್ತಗಾಯಿತು. "ಈಗ ಅಲ್ಲಿ ಹಿಮ ಕರಗುತ್ತಿರುತ್ತದೆ. ನದಿ ಹಾಲು ಬೆರೆಸಿದ ಹಾಗೆ ಹಸಿರು. ಹಾದಿಯ ಒಂದು ಕಡೆ ನೀರು, ಇನ್ನೊಂದು ಕಡೆ ಹಸುಗಳ ಗಂಟೆ. ಮರದ ಸೇತುವೆ ದಾಟಿದರೆ ನಮ್ಮ ಮನೆ."

ಆ ಮಾತು ಕೇಳಿ ಮಜೀದ್‌ಗೂ ಏನೋ ಆಯಿತು. ಕೈ ತಾನಾಗಿ ಸಡಿಲವಾಯಿತು. ಸೈಕಲ್ಲು ಸರಾಗವಾಗಿ ಓಡಿತು. ಕಾಲುವೆಯ ಬಾತುಗಳು ದಾರಿ ಬಿಟ್ಟವು. ತಾನು ಇನ್ ನದಿಯ ದಂಡೆಯಲ್ಲಿರುವಂತೆ, ಮಗಳ ಸ್ಕೂಲು ಉಳಿದಂತೆ, ಎಲ್ಲ ಸರಿಹೋದಂತೆ ಅನ್ನಿಸಿತು.

"ಗುಡ್, ಮಜೀದ್! ನೀನು ನಮ್ಮ ಕಣಿವೆಗೆ ಬರಲೇಬೇಕು!" ಎಂದ ಬಾಸ್.

ಆಗ ಹಿಂದಿನಿಂದ ಕೂಗು ಕೇಳಿಸಿತು.

"ಸಾಹೇಬ್ರೇ! ದುಡುಕ್ಬೇಡೀ! ಹೆಂಡ್ತಿ ಮಗು ಇದೆ ನಿಮ್ಗೆ!"

ಮಜೀದ್ ತಿರುಗಿ ನೋಡಿದ. ಪಂಚಾಕ್ಷರಿಯವರು ಪೈಜಾಮ ಎತ್ತಿಕಟ್ಟಿಕೊಂಡು ಜಲ್ಲಿಯ ಮೇಲೆ ಓಡಿ ಬರುತ್ತಿದ್ದರು. ಜಲ್ಲಿ ಹಾದಿಯಲ್ಲಿ ತಿರುಗಿ ನೋಡಬಾರದು ಎಂಬುದನ್ನು ಹೆರ್ಮಾನ್ ಇನ್ನೂ ಕಲಿಸಿರಲಿಲ್ಲ. ಮುಂದಿನ ಚಕ್ರ ಜಾರಿತು. ಸೈಕಲ್ಲು ದಂಡೆಯಲ್ಲೇ ಉಳಿಯಿತು, ಮಜೀದ್ ಮಾತ್ರ ಚಿಟ್ಟೆಯ ಸಮೇತ ಹಾರಿ ನೀರಿಗೆ ಬಿದ್ದ.

"ಹಾರೇಬಿಟ್ರಲ್ಲಪ್ಪಾ!" ಪಂಚಾಕ್ಷರಿ ಎದೆ ಹಿಡಿದುಕೊಂಡರು.

"ನನಗೆ ಈಜು ಬರಲ್ಲ! ಬರಲ್ಲ!" ಮಜೀದ್ ಕೈಕಾಲು ಬಡಿಯುತ್ತಿದ್ದ.

"ಎದ್ದು ನಿಲ್ಲು" ಎಂದ ಹೆರ್ಮಾನ್. ಮಜೀದ್ ಎದ್ದು ನಿಂತ. ನೀರು ಸೊಂಟದವರೆಗಿತ್ತು.

ಒದ್ದೆಮುದ್ದೆಯಾದ ಮಜೀದ್‌ನನ್ನು ಕಾರಿನಲ್ಲಿ ಹಾಕಿಕೊಂಡು ಪಂಚಾಕ್ಷರಿ ಹೊರಟರು. ಗಾಬರಿಯಾದ ಹೆರ್ಮಾನ್ ಹಿಂದೆಯೇ ಬಂದ. ದಾರಿಯುದ್ದಕ್ಕೂ ಪಂಚಾಕ್ಷರಿ, "ಒಂದು ಕೆಲ್ಸ ಹೋದ್ರೆ ಹತ್ತು ಸಿಗ್ತವೆ ಸಾಹೇಬ್ರೇ" ಎನ್ನುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದ ಮಜೀದ್‌ಗೆ 'ಹೋಗಿಲ್ಲ' ಎನ್ನಲೂ ಆಗಲಿಲ್ಲ.

ಮನೆಯ ಬಾಗಿಲು ತೆಗೆದರೆ ಒಳಗೆ ಮದುವೆ ಮನೆಯಷ್ಟು ಜನ. ಶಿವಲಿಂಗಮ್ಮನವರ ಫೋನು ಅಪಾರ್ಟ್‌ಮೆಂಟಿನ ಎಲ್ಲ ಕನ್ನಡದ ಮನೆಗಳಿಗೂ ಹೋಗಿ ಬಂದಿತ್ತು. ಟೇಬಲ್ಲಿನ ಮೇಲೆ ಬಿಸಿಬೇಳೆಬಾತು, ಅಕ್ಕಿರೊಟ್ಟಿ, ನೀರುದೋಸೆ, ಇಮ್ರಾನ್ ತಂದ ಬಿರಿಯಾನಿ. ನಡುವೆ ಆಯಿಷಾ, ಯಾರು ಯಾಕೆ ತನ್ನನ್ನು ತಬ್ಬಿಕೊಳ್ಳುತ್ತಿದ್ದಾರೆಂದು ತಿಳಿಯದೆ, ಎಲ್ಲರಿಗೂ ಚಹಾ ಕೊಡುತ್ತಿದ್ದಳು.

"ಯಾರಾದರೂ ತೀರಿಕೊಂಡರೇ?" ಹೆರ್ಮಾನ್ ಮೆಲ್ಲಗೆ ಕೇಳಿದ.

ಪಂಚಾಕ್ಷರಿಯವರು ಅವನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳಿದರು, "ಇವರ ಕೆಲಸ ಹೋಯಿತು, ಸರ್."

ಹೆರ್ಮಾನ್ ಬೆಚ್ಚಿಬಿದ್ದ. "ಮಜೀದ್, ನಿನ್ನದೂ ಹೋಯಿತೇ?"

"ಇಲ್ಲ! ನನ್ನದು ಹೋಗಿಲ್ಲ!" ಕಂಬಳಿಯೊಳಗಿಂದ ಮಜೀದ್ ಅರಚಿದ. ಮರುಕ್ಷಣವೇ ಅವನಿಗೆ ಹೊಳೆಯಿತು. "'ನಿನ್ನದೂ' ಅಂದರೆ?"

ಹೆರ್ಮಾನ್ ಕುರ್ಚಿಯಲ್ಲಿ ಕುಳಿತ. "ನಿನ್ನೆ ಸಂಜೆ ಹೇಳಿದರು. ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ. ಇವತ್ತು ಒಬ್ಬನೇ ಇರಲು ಮನಸ್ಸಾಗಲಿಲ್ಲ. ನೀನಿದ್ದೆಯಲ್ಲ ಎಂದು ಬಂದೆ. ಇನ್ನೇನು, ಊರಿಗೆ ಹೋಗುತ್ತೇನೆ. ಕಣಿವೆಯಲ್ಲಿ ಸೈಕಲ್ ತುಳಿಯುತ್ತೇನೆ."

ಇಂಗ್ಲಿಷು ಅಷ್ಟಾಗಿ ಬಾರದ ಶಿವಲಿಂಗಮ್ಮ ಮೆಹವಿಶ್‌ಳನ್ನು ಕೇಳಿದರು, "ಏನಂತೆ ಪುಟ್ಟಿ ಅವ್ರದ್ದು?"

ಮೆಹವಿಶ್ ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು, "ಅಂಕಲ್ ಇನ್ಮೇಲೆ ಸೈಕಲ್ ಹೊಡೀತಾರಂತೆ."

"ಅಯ್ಯೋ ನನ್ನಪ್ಪಾ, ಇವ್ರಾ!" ಎಂದ ಶಿವಲಿಂಗಮ್ಮ ಮಜೀದ್‌ನ ಮುಂದಿದ್ದ ಬಿಸಿಬೇಳೆಬಾತಿನ ತಟ್ಟೆಯನ್ನು ಎತ್ತಿ ಹೆರ್ಮಾನ್‌ನ ಮುಂದಿಟ್ಟರು. ತುಪ್ಪ ಬಡಿಸಿದರು. ಕಣಿವೆಯ ಮಗ ಎರಡು ಸಲ ಬಡಿಸಿಕೊಂಡು ಉಂಡ. ಖಾರಕ್ಕೋ ಪ್ರೀತಿಗೋ ಅವನ ಕಣ್ಣಲ್ಲಿ ನೀರು ಬಂತು. ನಕ್ಷೆಯನ್ನು ಮಜೀದ್‌ಗೇ ಕೊಡುತ್ತೇನೆಂದು ಹೇಳಿದ.

ಹೊರಡುವಾಗ ಬಾಗಿಲಲ್ಲಿ ಮಜೀದ್ ಧೈರ್ಯ ಮಾಡಿ ಕೇಳಿದ, "ನಿಮ್ಮ ಜಾಗಕ್ಕೆ ಯಾರು ಬರುತ್ತಾರೆ?"

"ಮಾರ್ಗರೆಟ್. ಒಳ್ಳೆಯ ಹೆಂಗಸು. ಸೈಕಲ್ಲೆಂದರೆ ಆಗದು" ಎಂದ ಹೆರ್ಮಾನ್. ಮಜೀದ್‌ನ ಮುಖ ಅರಳಿತು. "ಆದರೆ ಈಜು ಎಂದರೆ ಪ್ರಾಣ. ಮೇ ಬಂತೆಂದರೆ ತಂಡದವರನ್ನೆಲ್ಲ ಕೆರೆಗೆ ಇಳಿಸುತ್ತಾಳಂತೆ. ಚಿಂತೆ ಮಾಡಬೇಡ, ನೀನು ಈಗಾಗಲೇ ಅಭ್ಯಾಸ ಶುರು ಮಾಡಿದ್ದೀಯಲ್ಲ!"

ಸಂಜೆ ಆಯಿಷಾ ನೇರಳೆ ಹೆಲ್ಮೆಟ್ಟನ್ನು ಬಾಲ್ಕನಿಯಲ್ಲಿ ಒಣಗಲು ಇಟ್ಟಳು. ಕೆಳಗಿನಿಂದ ಶಿವಲಿಂಗಮ್ಮ ಕೇಳಿದರು, "ಅಂತೂ ಸಾಹೇಬ್ರಿಗೆ ಏನೂ ತೊಂದ್ರೆ ಇಲ್ಲ ತಾನೆ ಆಯಿಷಾ?"

"ಸೈಕಲ್ಲಿನ ಕಾಟ ತಪ್ಪಿತು ಆಂಟಿ" ಎಂದು ಆಯಿಷಾ ನಿಟ್ಟುಸಿರುಬಿಟ್ಟಳು. "ಆದ್ರೆ ಹೊಸ ಬಾಸ್ ಬರ್ತಾಳಂತೆ. ಅವ್ಳು ಬಂದ್ಮೇಲೆ ನಮ್ಮವರು ಮುಳುಗಿದ್ರು ಅಂತ್ಲೇ ತಿಳ್ಕೊಳ್ಳಿ."

ಕೆಳಗೆ ಬಾಲ್ಕನಿಯ ಬಾಗಿಲು ಸರಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆಲ್ಲ ಶಿವಲಿಂಗಮ್ಮನವರ ಅಡುಗೆಮನೆಯಿಂದ ಸಾಸಿವೆ ಸಿಡಿಯುವುದೂ ಕುಕ್ಕರ್ ಕೂಗುವುದೂ ಕೇಳಿಸಿತು. ನಡುವೆ ಅವರು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು, "ಹೂಂ ಕಣ್ರೀ, ಪಾಪ, ಈ ಸಲ ಪೂರ್ತಿ ಮುಳುಗೇಹೋದ್ರಂತೆ!"